ಮನಸ್ಸಿನ ತರಗತಿ: ಚೀಟಿ ಬರೆಸುವುದೇ ಮುಖ್ಯ

ಬಡಾವಣೆಯ ಸಂಘದ ಹಾಲ್‌ನಲ್ಲಿ ಚಿಂತೆ ಹತ್ತಿದವರಿಗೆ, ಮನಸ್ಸು ಕುಗ್ಗಿದವರಿಗೆ ನಾವು ಈ ತರಗತಿ ನಡೆಸುವುದು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ದೀರ್ಘಕಾಲದ ಕಾಯಿಲೆಯವರಿಗೆಂದು ರೂಪಿಸಿದ ಮಾದರಿಯಲ್ಲಿ: 6 ವಾರ, ವಾರಕ್ಕೊಮ್ಮೆ ಎರಡೂವರೆ ಗಂಟೆ, 12 ಜನ, ನಡೆಸಿಕೊಡಲು ಇಬ್ಬರು. ಭಾನುವಾರ ಬೆಳಗ್ಗೆಯೇ ಇಡಬೇಕು. ವಾರದ ಸಂಜೆ ಇಟ್ಟರೆ ಬೆಂಗಳೂರಿನ ಸಿಲ್ಕ್ ಬೋರ್ಡ್ ಟ್ರಾಫಿಕ್ ದಾಟಿ ಬರುವವರು ಸೇರುವಷ್ಟರಲ್ಲಿ ಅರ್ಧ ಮುಗಿದಿರುತ್ತದೆ.

ಉಸಿರಾಟ, ನಿದ್ದೆ, ಚಿಂತೆಯ ಪಾಠಗಳೆಲ್ಲ ಇವೆ. ಆದರೆ ಫಲ ಕೊಡುವುದು ವಾರದ ಚೀಟಿ, ಅಂದರೆ ಬರುವ ವಾರ ಮಾಡುವುದನ್ನು ಪ್ರತಿಯೊಬ್ಬರೂ ಬರೆದಿಡುವುದು. ಅದರಲ್ಲಿ ನಾಲ್ಕೇ ವಿಷಯ: ಏನು, ಎಷ್ಟು, ಯಾವಾಗ, ಎಷ್ಟು ದಿನ. ‘ಇನ್ಮೇಲೆ ವಾಕಿಂಗ್ ಮಾಡ್ತೀನಿ’ ನಡೆಯುವುದಿಲ್ಲ. ‘ಮಂಗಳ, ಗುರು, ಶನಿ ಬೆಳಗ್ಗೆ ಹಾಲಿನ ಬೂತಿಗೆ ಹೋದಾಗ ಪಾರ್ಕಿನಲ್ಲಿ 2 ಸುತ್ತು’ ನಡೆಯುತ್ತದೆ. ಬರೆದ ಮೇಲೆ ಒಂದು ಪ್ರಶ್ನೆ: ಮಾಡೇ ಮಾಡ್ತೀನಿ ಅನ್ನುವ ಧೈರ್ಯ 10ಕ್ಕೆ ಎಷ್ಟು? 7ಕ್ಕಿಂತ ಕಮ್ಮಿ ಬಂದರೆ ಚೀಟಿ ಬದಲಿಸಬೇಕು, ಹುರಿದುಂಬಿಸಬಾರದು. ತರಗತಿ ನಡೆಸುವ ಹೊಸಬರು ಎಡವುವುದು ಇಲ್ಲೇ. ‘ಅಡ್ಡ ಬರೋದೇನು ಮೇಡಂ?’ ಎಂದರೆ, ‘ಕಾವೇರಿ ನೀರು ಬಿಡೋದೂ ಅದೇ ಹೊತ್ತಿಗಲ್ವಾ?’ ಎಂಬ ಉತ್ತರ ಬರುತ್ತದೆ. ಸುತ್ತು ಸಂಜೆಗೆ ಹೋದರೆ 5 ಇದ್ದದ್ದು 8 ಆಗುತ್ತದೆ.

‘ದಿನಾ’ ಎಂದು ಬರೆಯಲು ಬಿಡಬೇಡಿ. ಕುಗ್ಗಿದ ಮನಸ್ಸಿಗೆ ತಪ್ಪಿದ ಒಂದು ದಿನವೇ ‘ನನ್ನ ಕೈಲಿ ಆಗಲ್ಲ’ ಎನ್ನಲು ಸಾಕ್ಷಿ. ಅಲ್ಲಿಗೆ ಇಡೀ ವಾರ ಹೋಯಿತು. 3–4 ದಿನ ಸಾಕು. ಮನಸ್ಸು ಬಂದಾಗ ಮಾಡೋಣ ಎಂದು ಕೂತವರಿಗೆ ಮನಸ್ಸು ಬರುವುದೇ ಇಲ್ಲ, ಅದಕ್ಕೇ ಗಳಿಗೆ ನಿಗದಿ. ಚಿಂತೆಗೂ ಹಾಗೇ: ಸಂಜೆ 20 ನಿಮಿಷ, ನೋಟ್‌ಬುಕ್ ಹಿಡಿದು, ಹಾಸಿಗೆಯಲ್ಲಂತೂ ಅಲ್ಲ.

ಮುಂದಿನ ವಾರ ಮೊದಲ ಅರ್ಧ ಗಂಟೆ ಚೀಟಿಯ ವರದಿಗೆ. ಆಗದವರಿಗೆ ಗುಂಪೇ ದಾರಿ ಹೇಳಬೇಕು, ಆರಿಸುವುದು ಅವರು. ‘ಯೋಗ ಮಾಡಿ ಸಾರ್, ಎಲ್ಲಾ ಸರಿಹೋಗುತ್ತೆ’ ಎನ್ನುವ ಒಬ್ಬರು ಪ್ರತಿ ತಂಡದಲ್ಲೂ ಇರುತ್ತಾರೆ. ಅವರನ್ನು ಮೆಲ್ಲಗೆ ತಡೆಯುವುದೂ ಒಂದು ಕೆಲಸ.

ಮೊದಲ ವಾರವೇ ಮನಸ್ಸಿನ ನೆಮ್ಮದಿ ಅಳೆಯುವ ವಿಶ್ವ ಆರೋಗ್ಯ ಸಂಸ್ಥೆಯ 5 ಪ್ರಶ್ನೆಗಳ ಹಾಳೆ ತುಂಬಿಸಿ. 25ಕ್ಕೆ 13ಕ್ಕಿಂತ ಕಮ್ಮಿ ಬಂದವರನ್ನು ವೈದ್ಯರ ಬಳಿಗೂ ಕಳಿಸಿ. ತರಗತಿ ಶುರುವಾಯಿತೆಂದು ಯಾರೂ ಮಾತ್ರೆ ನಿಲ್ಲಿಸಕೂಡದು. ಸಾಯುವ ಮಾತು ಬಂದರೆ ಮುಂದಿನ ಭಾನುವಾರದವರೆಗೆ ಕಾಯುವಂತಿಲ್ಲ: ಒಂಟಿಯಾಗಿ ಬಿಡದೆ ಅಲ್ಲೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ, ಇಲ್ಲವೇ ಹೊಸೂರು ರಸ್ತೆಯ ನಿಮ್ಹಾನ್ಸ್ ತುರ್ತು ವಿಭಾಗ.

ವಾಟ್ಸಾಪ್ ಗುಂಪು ಬೇಡ, ಗುಡ್ ಮಾರ್ನಿಂಗ್ ಹೂವುಗಳ ಕೆಳಗೆ ಚೀಟಿ ಹೂತುಹೋಗುತ್ತದೆ. ಇಬ್ಬಿಬ್ಬರ ಜೋಡಿ ಮಾಡಿ, ಬುಧವಾರ 5 ನಿಮಿಷ ಫೋನು.