ಮುಚ್ಚಿದ ಶಾಲೆಯ ಬೀಗದ ಕೈ

ನಮ್ಮೂರಿನ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಕೊನೆಯ ವರ್ಷ ಇದ್ದದ್ದು ನಾಲ್ಕೇ ಮಕ್ಕಳು. ನನ್ನ ಮಗಳೂ ಇನ್ನೊಬ್ಬ ಹುಡುಗನೂ ಐದನೇ ಕ್ಲಾಸು ಮುಗಿಸಿದರು. ಉಳಿದಿಬ್ಬರು ಪೇಟೆಯ ಇಂಗ್ಲಿಷ್ ಮೀಡಿಯಂ ವ್ಯಾನು ಹತ್ತಿದರು. ಅಲ್ಲಿಗೆ ಹಾಜರಿ ಸೊನ್ನೆ. ನಾನು ಆಗ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಅಧ್ಯಕ್ಷ. ಮಕ್ಕಳೇ ಇಲ್ಲದ ಶಾಲೆಗೆ ಎಂಥ ಅಧ್ಯಕ್ಷ ಅಂತ ನಗಬೇಡಿ, ನನಗೆ ನಿಜವಾದ ಕೆಲಸ ಶುರುವಾಗಿದ್ದೇ ಆಮೇಲೆ.

ಮಲೆನಾಡಿನಲ್ಲಿ ಇದು ಹೊಸ ಕಥೆ ಅಲ್ಲ. ದಿಬ್ಬಕ್ಕೊಂದು ಮನೆ, ಮನೆಯಲ್ಲಿ ವಯಸ್ಸಾದ ಅಪ್ಪ ಅಮ್ಮ, ಮಕ್ಕಳು ಮೊಮ್ಮಕ್ಕಳೆಲ್ಲ ಬೆಂಗಳೂರು. ಐದನೇ ತರಗತಿವರೆಗೆ 1 ಕಿಲೋಮೀಟರ್ ಒಳಗೆ ಶಾಲೆ ಇರಬೇಕು ಅಂತ ಶಿಕ್ಷಣ ಹಕ್ಕು ಕಾಯ್ದೆಯ ನಿಯಮ ಇದೆ, ನಿಜ. ಆದರೆ ಮಗುವೇ ಇಲ್ಲದಾಗ ಯಾರ ಪರವಾಗಿ ವಾದ ಮಾಡುವುದು? ನಮಗೆ ಬಂದ ಕಾಗದದಲ್ಲಿ 'ಮುಚ್ಚಲಾಗಿದೆ' ಅಂತ ಎಲ್ಲೂ ಇರಲಿಲ್ಲ. 'ವಿಲೀನ' ಅಂತ ಇತ್ತು, ಪಕ್ಕದಲ್ಲಿ 'ತಾತ್ಕಾಲಿಕ' ಅಂತಲೂ ಇತ್ತು.

ಸೊಸೈಟಿ ಜಗಲಿಯಲ್ಲಿ ಕೂತರೆ ದಿನಕ್ಕೊಂದು ಸುದ್ದಿ. ಪಂಚಾಯ್ತಿಯವರು ಅಲ್ಲಿ ಕಸದ ಘಟಕ ಮಾಡ್ತಾರಂತೆ, ಇಲ್ಲ ಮೊಬೈಲ್ ಟವರ್ ಬರುತ್ತಂತೆ. ಎಲೆಕ್ಷನ್‌ಗೆ ಬೂತು ಅದೇ ಕೋಣೆ, ಅದು ಹೋದರೆ ವೋಟು ಹಾಕಲು ಘಾಟಿ ಇಳಿಯಬೇಕಾ? ಒಬ್ಬ ಅಜ್ಜ ಮಾತ್ರ ಬೇರೆಯೇ ಕೇಳಿದರು. "ನಾ ಹುಟ್ಟಿದ ತಾರೀಕು ಇರೋದು ಶಾಲೆಯ ದಾಖಲಾತಿ ಪುಸ್ತಕದಲ್ಲೊಂದೇ ಮಾರಾಯಾ. ಅದನ್ನ ಗೆದ್ದಲು ತಿಂದ್ರೆ ನಾ ಹುಟ್ಟೇ ಇಲ್ಲ ಅಂತಾಗ್ತದೆ." ಇದು ನನ್ನ ತಲೆಗೆ ಹೊಳೆದೇ ಇರಲಿಲ್ಲ. ಮೇಷ್ಟ್ರನ್ನು ಕೇಳಿ, ಎರಡು ಸಂಜೆ ಕೂತು, ಆ ಪುಸ್ತಕಗಳ ಪ್ರತಿ ಹಾಳೆಯನ್ನೂ ಮೊಬೈಲಲ್ಲಿ ಫೋಟೋ ತೆಗೆದೆವು. ಮೂಲ ಪುಸ್ತಕಗಳು ವಿಲೀನವಾದ ಶಾಲೆಗೆ ಹೋದವು. ಎಷ್ಟು ಪುಸ್ತಕ, ಯಾವ ವರ್ಷದಿಂದ ಯಾವ ವರ್ಷದ್ದು ಅಂತ ಬರೆಸಿ ಸಹಿ ತಗೊಂಡೆವು. ನಿಮ್ಮೂರ ಶಾಲೆಗೂ ಇಂಥ ಸ್ಥಿತಿ ಬಂದರೆ ಬೆಂಚು ಕುರ್ಚಿಗಿಂತ ಮೊದಲು ಇದನ್ನು ನೋಡಿಕೊಳ್ಳಿ.

ಗ್ರಾಮ ಸಭೆಯಲ್ಲಿ ನಾನು ಮಾಡಿದ ತಪ್ಪನ್ನೂ ಹೇಳಿಬಿಡುತ್ತೇನೆ. ಸಮುದಾಯ ಭವನ ಮಾಡೋಣ, ಮದುವೆ ಮುಂಜಿಗೆ ಆಗುತ್ತದೆ ಅಂತ ನಾನೇ ಲೆಕ್ಕ ಹಾಕಿಕೊಂಡು ಹೋಗಿದ್ದೆ. ಮಾತು ಮುಗಿಸೋಕೂ ಬಿಡಲಿಲ್ಲ. "ನಿಂಗೆ ಕಂಟ್ರಾಕ್ಟ್ ಬೇಕಾ?" ಅಂತ ಕೇಳಿದವರೂ ಇದ್ದರು. ಬೇಜಾರಾಯ್ತು, ಆದರೆ ಅವರ ಜಾಗದಲ್ಲಿದ್ದರೆ ನಾನೂ ಹಾಗೇ ಕೇಳುತ್ತಿದ್ದೆನೋ ಏನೋ. ಆಮೇಲೆ ಒಂದು ನೋಟ್‌ಬುಕ್ ಹಿಡಿದು ಮನೆ ಮನೆಗೆ ಹೋದೆ. 37 ಮನೆ. ಅಲ್ಲಿ ಏನು ಆಗಬೇಕು, ಏನು ಮಾತ್ರ ಆಗಬಾರದು, ಇಷ್ಟೇ ಕೇಳಿದ್ದು. ಸಭೆಯಲ್ಲಿ ತುಟಿ ಬಿಚ್ಚದ ಹೆಂಗಸರು ಅಡುಗೆಮನೆ ಬಾಗಿಲಲ್ಲಿ ನಿಂತು ಸ್ಪಷ್ಟವಾಗಿ ಹೇಳಿದರು. ಅಂಗನವಾಡಿ ಹಳ್ಳದ ಆಚೆ ಬಾಡಿಗೆ ಕೋಣೆಯಲ್ಲಿತ್ತು. ಜೂನ್ ಜುಲೈನಲ್ಲಿ ಆ ಕಾಲುಸಂಕದ ಮೇಲೆ ಮೂರು ವರ್ಷದ ಮಗುವನ್ನು ದಾಟಿಸುವುದು ಅಂದರೆ ಜೀವ ಬಾಯಿಗೆ ಬರುತ್ತದೆ. ಅದನ್ನು ಈಚೆ ತನ್ನಿ ಅಂದರು. ಸಭೆಯಲ್ಲಿ ಅಷ್ಟು ಕೂಗಾಡಿದ ಗಂಡಸರಲ್ಲಿ ಒಬ್ಬರೂ ಈ ಮಾತು ಎತ್ತಿರಲಿಲ್ಲ.

ಅಷ್ಟರಲ್ಲಿ ಜಾಗದ ಕಾಗದ ನೋಡಿದರೆ ಪಹಣಿಯಲ್ಲಿ ಇನ್ನೂ ದಾನ ಕೊಟ್ಟವರ ಹೆಸರೇ ಇದೆ! ಆಗಿನ ಕಾಲದಲ್ಲಿ ಛಾಪಾ ಕಾಗದದ ಮೇಲೆ ಬರೆದುಕೊಟ್ಟು ಸುಮ್ಮನಾಗಿದ್ದಾರೆ, ರಿಜಿಸ್ಟರ್ ಆಗಿಲ್ಲ. ಹೀಗಿರುವ ಸರ್ಕಾರಿ ಶಾಲೆಗಳು ಬೇಕಾದಷ್ಟಿವೆ. ಅವರ ಮೊಮ್ಮಗ ಬೆಂಗಳೂರಿಂದ ಬಂದು, "ಶಾಲೆಗೆ ಅಂತ ಕೊಟ್ಟಿದ್ದು, ಶಾಲೆ ಇಲ್ಲ ಅಂದ್ಮೇಲೆ ವಾಪಸ್ ಬರಬೇಕಲ್ವಾ?" ಅಂದರು. ಜಗಳದ ಮನುಷ್ಯ ಅಲ್ಲ, ಕೇಳಿದ್ದೂ ತಪ್ಪಲ್ಲ. ಜಗಲಿಯ ಮೇಲೆ ಕೂತು ಆ ಹಳೇ ಕಾಗದವನ್ನು ಇಬ್ಬರೂ ಓದಿದೆವು. ಮೂರನೇ ಸಾಲಿನಲ್ಲಿ 'ಈ ಊರ ಮಕ್ಕಳ ವಿದ್ಯೆಗಾಗಿ' ಅಂತ ಇತ್ತು. ಶಾಲೆ ಅನ್ನುವ ಪದ ಅಲ್ಲಿ ಇರಲೇ ಇಲ್ಲ. ಅವರು ಎರಡು ಸಲ ಓದಿ, ಕಾಫಿ ಕುಡಿದು, "ಅಂಗನವಾಡಿ ಆದ್ರೆ ನನ್ನದೇನೂ ತಕರಾರಿಲ್ಲ" ಅಂದರು. ಮುಂದಿನ ತಿಂಗಳು ಇಲಾಖೆ ಹೆಸರಿಗೆ ದಾನಪತ್ರ ರಿಜಿಸ್ಟರ್ ಮಾಡಿಕೊಟ್ಟರು. ಅವತ್ತು ನಾವು ಸಮುದಾಯ ಭವನ ಅಂದಿದ್ದರೆ ಬಹುಶಃ ಕೋರ್ಟಿನಲ್ಲಿರುತ್ತಿದ್ದೆವು.

ಹದ್ದುಬಸ್ತು, ಅಂದರೆ ಸರ್ವೆ ಮಾಡಿ ಗಡಿ ಗುರುತಿಸುವ ಕೆಲಸ ಮಾಡಿಸಿದಾಗ 28 ಗುಂಟೆಯಲ್ಲಿ ನಾಲ್ಕು ಗುಂಟೆ ಪಕ್ಕದ ತೋಟದ ಬೇಲಿಯೊಳಗೆ ಸೇರಿತ್ತು. ಅಡಿಕೆ ಸಸಿ ಬೇರೆ ನೆಟ್ಟಿದ್ದರು. ಮಳೆ ಶುರುವಾದಾಗ ಕಿತ್ತು ಆಚೆ ನೆಟ್ಟುಕೊಂಡರು. ಅಲ್ಲಿಗೆ ಅದು ಮುಗಿಯಿತು, ಅವರ ಮನೆಯವರು ಮಾತ್ರ ಈಗಲೂ ನನ್ನ ಜೊತೆ ಮಾತಾಡುವುದಿಲ್ಲ.

ಅತಿ ಜಾಸ್ತಿ ಸಮಯ ತಿಂದದ್ದು ಅನುಮತಿ. ಕಟ್ಟಡ ಶಿಕ್ಷಣ ಇಲಾಖೆಯದ್ದು, ಅಂಗನವಾಡಿ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯದ್ದು. ಪಂಚಾಯ್ತಿ ಠರಾವು ಮಾಡಿದ ಮಾತ್ರಕ್ಕೆ ಬಾಗಿಲು ತೆರೆಯುವುದಿಲ್ಲ. ಅಂಗನವಾಡಿ ನೋಡಿಕೊಳ್ಳುವ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಕಡೆಯಿಂದ ಪತ್ರ ಹೋಗಬೇಕು, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಅದನ್ನು ಮೇಲಕ್ಕೆ ಕಳಿಸಬೇಕು. ಏಳು ತಿಂಗಳು ಓಡಾಡಿದೆ. ಠರಾವಿನ ನಕಲು ಮೂರು ಸಲ ಕೊಟ್ಟೆ, ಪ್ರತಿ ಸಲವೂ "ಇಲ್ಲಿ ಬಂದಿಲ್ವಲ್ಲ" ಅನ್ನುವ ಉತ್ತರ. ನಾಲ್ಕನೇ ಸಲ ಟಪಾಲಿಗೆ ಕೊಟ್ಟು ನನ್ನ ಪ್ರತಿಯ ಮೇಲೆ ಸೀಲು ಒತ್ತಿಸಿಕೊಂಡೆ. ಮೊದಲ ಸಲವೇ ಹಾಗೆ ಮಾಡಬೇಕಿತ್ತು.

ಆ ಏಳು ತಿಂಗಳು ಖಾಲಿ ಬಿಟ್ಟಿದ್ದರೆ ಕಟ್ಟಡ ಉಳಿಯುತ್ತಿರಲಿಲ್ಲ. ಹೆಂಚಿನ ಮಾಡು, ಒಂದು ಹೆಂಚು ಜಾರಿದರೆ ಸಾಕು, ನೀರು ರೀಪಿಗೆ ಇಳಿದು ಪಕಾಸಿ ಕೊಳೆಯುತ್ತದೆ. ಬೀಗ ಬಿದ್ದ ಮೊದಲ ವಾರವೇ ಜಗಲಿಯಲ್ಲಿ 11 ಖಾಲಿ ಬಾಟಲಿ ಸಿಕ್ಕವು. ಅದಕ್ಕೇ ಒಳಗಿನ ಕೋಣೆಗಳನ್ನು ಮುಟ್ಟದೆ, ಹೊರಗಿನ ಜಗಲಿಯಲ್ಲಿ ಸ್ವಸಹಾಯ ಸಂಘದವರು ವಾರಕ್ಕೊಮ್ಮೆ ಸಭೆ ಇಟ್ಟುಕೊಂಡರು, ಅಂಗಳದಲ್ಲಿ ಹುಡುಗರು ಸಂಜೆ ವಾಲಿಬಾಲ್ ನೆಟ್ ಕಟ್ಟಿದರು. ಬಾಟಲಿಯವರು ತಾವಾಗೇ ಬೇರೆ ಜಾಗ ಹುಡುಕಿಕೊಂಡರು.

ಒಂದು ವಿಷಯ ನನ್ನನ್ನು ಇವತ್ತಿಗೂ ಚುಚ್ಚುತ್ತದೆ. ಜಾಗ, ಕಾಗದ, ಬೂತು ಎಲ್ಲದರ ಬಗ್ಗೆ ಇಷ್ಟು ಮಾತಾಡಿದೆವು. ಶಾಲೆಯಲ್ಲಿ ವರ್ಷಗಟ್ಟಲೆ ಬಿಸಿಯೂಟ ಮಾಡಿ ಹಾಕಿದ ಅಕ್ಕನ ಕೆಲಸ ಹೋಯಿತಲ್ಲ, ಅದನ್ನು ಯಾರೂ ಕೇಳಲಿಲ್ಲ. ವಿಲೀನವಾದ ಶಾಲೆಯಲ್ಲಿ ಅಡುಗೆಯವರು ಆಗಲೇ ಇದ್ದರು. ಈಗಲೂ ಅವರಿಗೆ ಸಂಬಳ ಇಲ್ಲ. ಬೀಗದ ಕೈ ಮಾತ್ರ ಅವರ ಮನೆಯ ಮೊಳೆಯಲ್ಲೇ ನೇತಾಡುತ್ತದೆ, ಯಾಕೆಂದರೆ ಎದುರು ಮನೆ ಅವರದ್ದು.

ಈಗ ಒಂದು ಕೋಣೆಯಲ್ಲಿ ಅಂಗನವಾಡಿ ನಡೆಯುತ್ತಿದೆ, ಒಂಬತ್ತು ಮಕ್ಕಳು. ಬೂತು ಪಕ್ಕದ ಕೋಣೆಯಲ್ಲೇ ಉಳಿಯಿತು. ಮೂರನೆಯದು ಗ್ಲೋಬು, ಬೆಂಚು, ಮುರಿದ ತಕ್ಕಡಿ ತುಂಬಿಕೊಂಡು ಬೀಗ ಹಾಕಿಕೊಂಡೇ ಇದೆ. ಲೈಬ್ರರಿ ಮಾಡೋಣ ಅಂತ ಕೆಲವರು, ಯುವಕ ಸಂಘಕ್ಕೆ ಕೊಡಿ ಅಂತ ಕೆಲವರು. ಮೊನ್ನೆಯ ಗಾಳಿಗೆ ಅದರ ಮೇಲಿನ ಆರು ಹೆಂಚು ಜಾರಿವೆ. ಭಾನುವಾರ ಏಣಿ ತಗೊಂಡು ಹೋಗಬೇಕು.