ಗೋವಾ ಸಾಸೇಜ್, ಬಟಾಟೆ, ಬೀನ್ಸ್: ಒಂದೇ ಪಾತ್ರೆಯ ರಾತ್ರಿಯಡುಗೆ

ಕಾರವಾರದ ಕಡೆ ಸಿಗುವ ಗೋವಾ ಸಾಸೇಜಿನಲ್ಲಿ (ಸಿಪ್ಪೆಯೊಳಗೆ ಹಂದಿಮಾಂಸ ತುಂಬಿ ದಾರ ಕಟ್ಟಿದ್ದು) ಉಪ್ಪು, ಖಾರ, ವಿನೆಗರ್, ಕೊಬ್ಬು ಎಲ್ಲ ಮೊದಲೇ ಇರುತ್ತದೆ. ಎಣ್ಣೆಯೂ ಬೇಡ, ಮಸಾಲೆಯೂ ಬೇಡ.

ನಾಲ್ಕು ಜನಕ್ಕೆ 200 ಗ್ರಾಂ ಸಾಸೇಜ್, 3 ಬಟಾಟೆ, 1 ಕ್ಯಾರೆಟ್, 2 ದೊಡ್ಡ ನೀರುಳ್ಳಿ, ಒಂದು ಹಿಡಿ ಬೀನ್ಸ್.

ಎಲ್ಲವನ್ನೂ ಒಟ್ಟಿಗೆ ಸುರಿದರೆ ಬಟಾಟೆ ಬಹಳ ಹೊತ್ತು ಗಟ್ಟಿಯಾಗೇ ಉಳಿಯುತ್ತದೆ. ವಿನೆಗರಿನ ಹುಳಿ ಅದನ್ನು ಬೇಗ ಮೆತ್ತಗಾಗಲು ಬಿಡುವುದಿಲ್ಲ. ಅದಕ್ಕೇ ದಪ್ಪ ತಳದ ಸ್ಟೀಲ್ ಪಾತ್ರೆಯಲ್ಲಿ ಬಟಾಟೆ, ಕ್ಯಾರೆಟ್ ಹೋಳನ್ನು ಒಂದೂವರೆ ಲೋಟ ನೀರಲ್ಲಿ 10 ನಿಮಿಷ ಮೊದಲೇ ಬೇಯಿಸಿ. (ಕಬ್ಬಿಣದ ಬಾಣಲೆ ಬೇಡ, ಹುಳಿಗೆ ಕಬ್ಬಿಣದ ವಾಸನೆ ಬರುತ್ತದೆ.) ಆಮೇಲೆ ದಾರ, ಸಿಪ್ಪೆ ತೆಗೆದು ಪುಡಿಮಾಡಿದ ಸಾಸೇಜ್, ಉದ್ದಕ್ಕೆ ಹೆಚ್ಚಿದ ನೀರುಳ್ಳಿ ಹಾಕಿ, ಮುಚ್ಚಿ, ಸಣ್ಣ ಉರಿಯಲ್ಲಿ 20 ನಿಮಿಷ ಬಿಡಿ. ಒಳಗಿರುವುದು ಹಸಿ ಹಂದಿಮಾಂಸ, ಅವಸರ ಮಾಡಬೇಡಿ. ಬೀನ್ಸ್ ಕೊನೆಯ 8 ನಿಮಿಷಕ್ಕೆ ಸಾಕು.

ಮುಚ್ಚಳ ತೆಗೆದು ನೀರು ಆರಿಸಿ. ಅಂಚಲ್ಲಿ ಕೆಂಪು ಕೊಬ್ಬು ಬಿಟ್ಟುಕೊಂಡರೆ ಆಯಿತು. ಇಲ್ಲಿ ಉರಿ ಜೋರು ಮಾಡಿದರೆ ಮೆಣಸು ಸೀದು ಕಹಿಯಾಗುತ್ತದೆ. ಉಪ್ಪು ರುಚಿ ನೋಡಿಯೇ ಹಾಕಿ, ಬಹಳ ಸಲ ಬೇಕಾಗುವುದೇ ಇಲ್ಲ. ಕೊಬ್ಬು ಜಾಸ್ತಿ ಅನ್ನಿಸಿದರೆ ಎರಡು ಚಮಚ ತೆಗೆದಿಡಿ, ಬೆಳಿಗ್ಗೆ ಮೊಟ್ಟೆ ಹುರಿಯಲು ಬರುತ್ತದೆ. ಜೊತೆಗೆ ಪಾವ್ ಇಲ್ಲವೇ ಕುಚ್ಚಲಕ್ಕಿ ಅನ್ನ.