ಹಳೇ ಮನೆ ಕೊಳ್ಳುವ ಮುನ್ನ ಬಿರುಕು ಓದುವುದು ಹೇಗೆ?

ಹಳೇ ಮನೆ ನೋಡಲು ಹೋದವರು ವಾಸ್ತು ನೋಡುತ್ತಾರೆ, ಖಾತೆ ಕೇಳುತ್ತಾರೆ, ನಲ್ಲಿ ತಿರುಗಿಸುತ್ತಾರೆ. ಗೋಡೆ ಕಡೆ ಕಣ್ಣು ಹೋಗುವುದು ಗೃಹಪ್ರವೇಶ ಮುಗಿದ ಮೇಲೆ. ಇನ್ನು ಕೆಲವರು ಕೂದಲೆಳೆಯಷ್ಟು ಬಿರುಕಿಗೇ ಹೆದರಿ ಒಳ್ಳೇ ಮನೆ ಬಿಟ್ಟು ಬರುತ್ತಾರೆ.

ಮೊದಲು ಮಣ್ಣು ಯಾವುದೆಂದು ವಿಚಾರಿಸಿ. ಹುಬ್ಬಳ್ಳಿ, ಗದಗ, ರಾಯಚೂರು ಕಡೆ ಎರೆ ಮಣ್ಣು ಜಾಸ್ತಿ. ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಕುಗ್ಗಿ ಬಾಯಿ ಬಿಡುತ್ತದೆ. ಪಾಯ ಆಳವಿಲ್ಲದಿದ್ದರೆ ಮನೆಯೂ ಅದರ ಜೊತೆ ಏರಿಳಿಯುತ್ತದೆ. ಅಲ್ಲಿ ಮನೆ ನೋಡಬೇಕಾದದ್ದು ಏಪ್ರಿಲ್, ಮೇನಲ್ಲಿ. ಮಳೆ ಬಿದ್ದ ಮೇಲೆ ಎಷ್ಟೋ ಬಿರುಕು ತಾವೇ ಮುಚ್ಚಿಕೊಂಡಿರುತ್ತವೆ. ಬೆಂಗಳೂರಿನ ಕೆಂಪು ಮಣ್ಣು ವಾಸಿ, ಆದರೆ ಮಣ್ಣು ತುಂಬಿಸಿದ ಕೆರೆ ಅಂಗಳವೋ ಕಲ್ಲುಕ್ವಾರಿಯೋ ಆಗಿದ್ದರೆ ಹುಷಾರು. ಇದನ್ನು ಬ್ರೋಕರ್ ಹತ್ತಿರ ಕೇಳಬೇಡಿ, ಬೀದಿಯ ಹಳೇ ಅಂಗಡಿಯವರನ್ನು ಕೇಳಿ.

ಹೊರಗೊಂದು ಸುತ್ತು ಹಾಕಿ. ಮೂಲೆಗಳಿಗೆ ದಾರ ಕಟ್ಟಿದ ತೂಗುಗುಂಡು ಇಳಿಬಿಟ್ಟು ಗೋಡೆ ವಾಲಿದೆಯೇ ನೋಡಿ. ಕಾಂಪೌಂಡ್ ವಾಲಿದ್ದರೆ ಗಾಬರಿ ಬೇಡ, ಅದರ ಪಾಯವೇ ಬೇರೆ.

ಜನ ಎಡವುವುದು ಬಿರುಕು ಓದುವಾಗ. ಪ್ಲಾಸ್ಟರ್ ಮೇಲೆ ಬಲೆಯ ಹಾಗೆ ಹರಡಿದ ಸಣ್ಣ ಗೆರೆಗಳನ್ನು ಬಿಟ್ಟುಬಿಡಿ. ಪಿಲ್ಲರ್ ಮತ್ತು ಇಟ್ಟಿಗೆ ಸೇರುವ ಕಡೆಯ ನೇರ ಗೆರೆಯೂ ಸಾಮಾನ್ಯವಾಗಿ ಅಷ್ಟೇ: ಎರಡು ಬೇರೆ ವಸ್ತು, ಬಿಸಿಲಿಗೆ ಬೇರೆ ಬೇರೆ ಥರ ಹಿಗ್ಗುತ್ತವೆ. ತಾರಸಿ ಕೆಳಗಿನ ಅಡ್ಡ ಗೆರೆ ಹೆಚ್ಚಾಗಿ ಸ್ಲ್ಯಾಬ್ ಕಾದು ಹಿಗ್ಗಿದ್ದರಿಂದ. ಪಿಲ್ಲರ್ ಉದ್ದಕ್ಕೂ ಬಿರುಕು, ಜೊತೆಗೆ ಕಂದು ಕಲೆ ಇದ್ದರೆ ಒಳಗಿನ ಕಬ್ಬಿಣ ತುಕ್ಕು ಹಿಡಿದಿದೆ. ಅದು ಬೇರೆ ರೋಗ, ಅದೂ ದುಬಾರಿಯೇ.

ನೀವು ಹುಡುಕಬೇಕಾದದ್ದು ಓರೆ ಬಿರುಕು. ಕಿಟಕಿ ಮೂಲೆಯಿಂದ ಹೊರಟು, ಇಟ್ಟಿಗೆ ಸಂದಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇಳಿದಿರುತ್ತದೆ. ಕಂಡ ತಕ್ಷಣ ಗೋಡೆಯ ಆ ಕಡೆಗೆ ಹೋಗಿ. ಅದೇ ಜಾಗದಲ್ಲಿ ಅಲ್ಲೂ ಇದ್ದರೆ ಗೋಡೆಯೇ ಸೀಳಿದೆ. ಎಟಿಎಂ ಕಾರ್ಡ್ ಅಂಚು ತೂರಿಸಿ, ಅದರ ದಪ್ಪ ಸುಮಾರು ಮುಕ್ಕಾಲು ಮಿಲಿಮೀಟರ್. ಸಲೀಸಾಗಿ ಹೋದರೆ ಸ್ಕೇಲ್ ತೆಗೆದು ಅಳೆಯಿರಿ. 5 ಮಿಲಿಮೀಟರ್ ದಾಟಿದ್ದರೆ ಎಂಜಿನಿಯರ್ ನೋಡದೆ ಮುಂಗಡ ಕೊಡಬೇಡಿ. ಅಗಲ ಎಲ್ಲಿ ಜಾಸ್ತಿ ಅನ್ನುವುದೂ ಮುಖ್ಯ. ಮೇಲೆ ಅಗಲ, ಕೆಳಗೆ ಸಣ್ಣ ಇದ್ದರೆ ಮನೆಯ ತುದಿ ಕುಸಿಯುತ್ತಿರಬಹುದು. ಕೆಳಗೆ ಅಗಲವಿದ್ದರೆ ನಡುಭಾಗ. ಬಿರುಕಿಗೆ ಅಡ್ಡವಾಗಿ ಉಗುರು ಎಳೆಯಿರಿ. ಒಂದು ಅಂಚು ಮುಂದೆ ಬಂದು ಉಗುರು ತಡೆದರೆ ಗೋಡೆ ಜರುಗಿದೆ.

ಮಾರುವವರು ಇದನ್ನೆಲ್ಲ ಮುಚ್ಚಿಡುವುದೂ ಉಂಟು. ಒಂದೇ ಗೋಡೆಗೆ ಹೊಸ ಬಣ್ಣ ಬಳಿದಿದ್ದರೆ ಅಲ್ಲೇ ನಿಲ್ಲಿ. ಟಾರ್ಚನ್ನು ಗೋಡೆಗೆ ಒತ್ತಿ ಹಿಡಿದು ಬೆಳಕು ಅಡ್ಡಡ್ಡ ಹಾಯಿಸಿ, ಪುಟ್ಟಿ ಮೆತ್ತಿದ ಗೆರೆ ಎದ್ದು ಕಾಣುತ್ತದೆ. ಆ ಪುಟ್ಟಿಯೇ ಮತ್ತೆ ಬಿರಿದಿದ್ದರೆ ಬಿರುಕಿಗೆ ಇನ್ನೂ ಜೀವ ಇದೆ. ಕ್ರ್ಯಾಕ್ ಫಿಲ್ಲರ್ ಡಬ್ಬಿಗಳು ಪ್ಲಾಸ್ಟರ್‌ಗೆ ಸರಿ. ಕುಸಿಯುವ ಗೋಡೆಗೆ ಅವು ಬರೀ ಮೇಕಪ್ಪು. ನೆಲದ ಮೇಲೆ ಗೋಲಿ ಉರುಳಿಸುವ ಪರೀಕ್ಷೆಯನ್ನಂತೂ ನಂಬಲೇಬೇಡಿ. ತೊಳೆದ ನೀರು ಹರಿಯಲೆಂದೇ ಹಳೇ ನೆಲಕ್ಕೆ ಇಳಿಜಾರು ಕೊಟ್ಟಿರುತ್ತಾರೆ.

ಬಾಗಿಲುಗಳನ್ನು ಮುಚ್ಚಿ ನೋಡಿ. ಮಳೆಗಾಲದಲ್ಲಿ ಮರ ಬಿಗಿಯುವುದು ಸಹಜ. ಆದರೆ ಬಾಗಿಲ ಮೇಲಂಚನ್ನು ಓರೆಯಾಗಿ ಕೀಸಿದ್ದರೆ ಚೌಕಟ್ಟೇ ಸೊಟ್ಟಗಾಗಿದೆ.

ಇಷ್ಟಾದರೂ ಅನುಮಾನ ಉಳಿದರೆ ಮಾಲೀಕರ ಒಪ್ಪಿಗೆ ಕೇಳಿ. ಬಿರುಕಿನ ಎರಡೂ ಕಡೆ ಪ್ಲಾಸ್ಟರ್ ಕೆತ್ತಿ, ತೆಳು ಗಾಜಿನ ಪಟ್ಟಿಯನ್ನು ಅಡ್ಡಲಾಗಿ ಸಿಮೆಂಟಿನಿಂದ ಕೂರಿಸಿ, ತಾರೀಖು ಬರೆಯಿರಿ. ಗಾಜು ಒಡೆದರೆ ಗೋಡೆ ಈಗಲೂ ಚಲಿಸುತ್ತಿದೆ. ಎರೆ ಸೀಮೆಯಲ್ಲಿ ಒಂದು ತಿಂಗಳು ಸಾಲದು, ಒಂದು ಮಳೆಗಾಲವಾದರೂ ಕಳೆಯಬೇಕು. ಅಷ್ಟು ಕಾಯಲು ಒಪ್ಪದ ಮಾಲೀಕರ ಮನೆ ನನಗಂತೂ ಬೇಡ.

ಕೊನೆಗೆ ಸ್ಟ್ರಕ್ಚರಲ್ ಎಂಜಿನಿಯರನ್ನು ಕರೆಸಿ. ಮೇಸ್ತ್ರಿ ಸಾಕು ಅನ್ನಬೇಡಿ. ಎಷ್ಟೋ ಮೇಸ್ತ್ರಿಗಳು ಸುಮ್ನೆ ಪ್ಯಾಚ್ ಹಾಕಿ ಕೈ ತೊಳೆದುಕೊಳ್ಳುತ್ತಾರೆ. ಸೋರುವ ಸಂಪು, ಒಡೆದ ಸ್ಯಾನಿಟರಿ ಪೈಪು, ಪಾಯದ ಪಕ್ಕದ ದೊಡ್ಡ ಮರ, ಪಾಯ ಕುಸಿಯಲು ಕಾರಣವಾಗಬಹುದಾದ ಈ ಮೂರನ್ನೂ ಎಂಜಿನಿಯರಿಗೆ ತೋರಿಸಿ. ಕಾರಣ ಪೈಪೇ ಆಗಿದ್ದರೆ ಅದರ ರಿಪೇರಿ ಮಾಲೀಕರದ್ದು ಎಂದು ಅಗ್ರಿಮೆಂಟಿನಲ್ಲೇ ಬರೆಸಿ.